ಕಲ್ಲೇ ಆಗಿದ್ದರೆ ಚೆನ್ನಾಗಿತ್ತು!

ಬೆಂಗಳೂರಿನ ಒಂದು ತಾರಸಿ. ಪಾಲಿಥೀನ್ ಹೊದಿಸಿದ ಪುಟ್ಟ ಹಸಿರುಮನೆಯಲ್ಲಿ ಮ್ಯಾಮಿಲೇರಿಯ, ರೆಬೂಷಿಯ ಕಳ್ಳಿಗಳ, ಕೊನೊಫೈಟಮ್ ಎಂಬ ರಸಗಿಡಗಳ ಕುಂಡಗಳು ಸಾಲಾಗಿ ಕೂತಿವೆ. ಮೂಲೆಯ ಕುಂಡದಲ್ಲಿ ನಡುವೆ ಸೀಳು ಬಿಟ್ಟ, ಬೂದುಬಣ್ಣದ ಒಂದು ಲಿಥಾಪ್ಸ್, ಥೇಟ್ ಕಲ್ಲಿನ ಹಾಗೆ. ಬಿಡುವು ಮಾಡಿಕೊಂಡು ಮಾತಿಗೆ ಸಿಕ್ಕಿತು.

ನಮಸ್ಕಾರ. ತಾವು ಗಿಡವೋ, ಕಲ್ಲೋ?

ಈ ತಕರಾರು 1811ರಲ್ಲೇ ಮುಗೀತಲ್ರೀ. ದಕ್ಷಿಣ ಆಫ್ರಿಕದ ಪ್ರೀಸ್ಕ ಹತ್ತಿರ ಬರ್ಚೆಲ್ ಅಂತ ಒಬ್ಬ ಇಂಗ್ಲಿಷರವ, ಏನೋ ವಿಚಿತ್ರ ಕಲ್ಲು ಅಂತ ಎತ್ತಿಕೊಂಡ. ನೋಡಿದರೆ ನಮ್ಮ ವಂಶದವರು! ಮೇಯುವ ಪ್ರಾಣಿಗಳ ಕಣ್ಣು ತಪ್ಪಿಸಲು ಹಾಕಿದ ವೇಷ ಅದು. ಮನುಷ್ಯರ ಮುಂದೆ ನಡೆಯಲಿಲ್ಲ.

ಇಲ್ಲಿ ಆರೈಕೆ ಹೇಗಿದೆ?

ಅದೇ ಭಯ. ಈ ಸಾಲಿನಲ್ಲಿ ನಮ್ಮವರು ಇನ್ನೂ ಇದ್ದರು. ಎಲ್ಲರೂ ಪ್ರೀತಿಯಿಂದ ಸತ್ತರು. ವರ್ಷಕ್ಕೊಮ್ಮೆ ನಮ್ಮೊಳಗಿಂದ ಹೊಸ ಎಲೆಜೋಡಿ ಏಳುತ್ತೆ. ಹಳೆಯ ಜೋಡಿಯ ನೀರನ್ನೆಲ್ಲ ಅದು ಹೀರಿಕೊಂಡು, ಹಳೆಯದು ಒಣಸಿಪ್ಪೆಯಾಗಿ ಉದುರಬೇಕು. ಆ ತಿಂಗಳುಗಳಲ್ಲಿ ಒಂದು ಹನಿಯೂ ಬೇಡ. ಸುಕ್ಕು ಕಂಡ ತಕ್ಷಣ ನಮ್ಮ ಯಜಮಾನರಿಗೆ ಕರುಳು ಚುರುಕ್ ಅಂತು, ಒಂದು ಲೋಟ ಸುರಿದರು. ಹಳೆಯದು ಜಾಗ ಬಿಡಲಿಲ್ಲ, ಹೊಸದು ಮೇಲೆ ಬರಲಿಲ್ಲ. ನಿಮ್ಮ ರಾಜಕೀಯ ಪಕ್ಷಗಳಲ್ಲಿ ಇದು ಮಾಮೂಲು, ನಾವು ಕೊಳೀತೀವಿ. ಯಜಮಾನರು ಊರಿಗೆ ಹೋದಾಗಲೇ ನಾವು ಚೇತರಿಸಿಕೊಳ್ಳೋದು.

ಮಳೆಗೆ ಸೂರಿದೆಯಲ್ಲ?

ಇದೆ. ಸುತ್ತಲೂ ಪಾಲಿಥೀನ್ ಮುಚ್ಚಿ, ಒಳಗೆ ಗಾಳಿಯೇ ಆಡದಂತೆ ಮಾಡಿದ್ದಾರೆ. ಮೇಲೆ ಮಾತ್ರ ಹಾಳೆ, ಪಕ್ಕಕ್ಕೆ ಬರೀ ಬಲೆ ಸಾಕು ಅನ್ನೋಣವೆಂದರೆ ನಮಗೆ ಬಾಯಿಲ್ಲ.

ಮತ್ತೆ ಈ ಸೀಳು?

ಅದು ಹೂವಿನ ದಾರಿ. ಸಂದರ್ಶನಕ್ಕೆ ಅಂತ ಇಟ್ಟಿದ್ದಲ್ಲ.

ಅಕ್ಕಪಕ್ಕದವರು?

ಮ್ಯಾಮಿಲೇರಿಯ ಪರವಾಗಿಲ್ಲ. ಕಾಲಕ್ಕೆ ಸರಿಯಾಗಿ ತಲೆ ಸುತ್ತ ಗುಲಾಬಿ ದಂಡೆ ಮುಡೀತಾಳೆ. ಆಚೆ ಕೆಂಪು ಹೂವಿನ ಕಳ್ಳಿ ಇದೆ ನೋಡಿ, ಅದು ನರ್ಸರಿಯಲ್ಲಿ ಅಂಟು ಹಾಕಿ ಕೂರಿಸಿದ ಒಣಹೂ. ಇಷ್ಟು ದಿನವಾದರೂ ಬಾಡಿಲ್ಲ ಅಂತ ಯಜಮಾನರು ಬಂದವರಿಗೆಲ್ಲ ತೋರಿಸ್ತಾರೆ.

ಕೊನೊಫೈಟಮ್ ಮಾತ್ರ ಮಾತು ಕಡಿಮೆ. ಅವಳ ತವರು ನಮಾಕ್ವಾಲ್ಯಾಂಡಿನಲ್ಲಿ ಬಂಡೆಸಂದಿಯಿಂದ ಕಿತ್ತು, ಪೆಟ್ಟಿಗೆಗಟ್ಟಲೆ ಕಳ್ಳಸಾಗಣೆ ಮಾಡ್ತಾರೆ. ಬೀಜದಿಂದ ಬೆಳೆಸಿದರೆ ಹೂವಿಗೆ ವರ್ಷಗಟ್ಟಲೆ ಕಾಯಬೇಕು. ಅಷ್ಟು ಪುರುಸೊತ್ತಿಲ್ಲದ ಸಂಗ್ರಾಹಕರು ದುಡ್ಡು ಬಿಚ್ಚುತ್ತಾರೆ, ಅಲ್ಲಿ ಗುಡ್ಡ ಬೋಳಾಗುತ್ತೆ.

ಆನ್‌ಲೈನಿನಲ್ಲಿ ಕಡುನೀಲಿ ಲಿಥಾಪ್ಸ್ ಬೀಜ ಮಾರ್ತಾರಲ್ಲ?

ಆ ಬಣ್ಣ ಕಂಪ್ಯೂಟರಿನದು. ಪೊಟ್ಟಣದಲ್ಲಿ ಏನಿದೆಯೋ, ಬಿತ್ತಿದವರ ಪುಣ್ಯ.

ತಮ್ಮ ಹೂವಿನ ಬಗ್ಗೆ?

ಹಳದಿ. ಬಿರಿದರೆ ನಾನೇ ಅದರಡಿ ಕಾಣೋದಿಲ್ಲ. ಮಧ್ಯಾಹ್ನ ಬಿಸಿಲೇರಿದ ಮೇಲೆ ಅರಳಿ ಸಂಜೆಗೆ ಮುಚ್ಚುತ್ತೆ, ಹೀಗೆ ಕೆಲವೇ ದಿನ. ಯಜಮಾನರು ಆಫೀಸಿನಿಂದ ಬರುವಾಗ ರಾತ್ರಿ. ಹೋದ ಸಲ ನೋಡಿದ್ದು ಬಟ್ಟೆ ಒಣಹಾಕಲು ಬಂದಾಕೆ ಒಬ್ಬಳೇ. ಬಗ್ಗಿ ನೋಡಿ, “ತೊಟ್ಟೇ ಇಲ್ಲ, ಮುಡಿಯೋದು ಹೆಂಗೆ?” ಅಂತ ಬೈದು ಹೋದಳು. ಸರಿಯಾದ ವಿಮರ್ಶೆ.

ನಮ್ಮ ಪತ್ರಿಕೆಗೊಂದು ಫೋಟೊ?

ನಾಳೆ ಅರಳ್ತೀನಿ. ಮೂರು ಗಂಟೆಗೆ ಬನ್ನಿ.

ಮೂರಕ್ಕೆ ಸಂಪಾದಕರ ಮೀಟಿಂಗ್ ಇದೆಯಲ್ಲ...

ಹಾಗಾದರೆ ಆ ಅಂಟು ಹೂವಿನದೇ ತೆಗೆದುಕೊಳ್ಳಿ. ಅದಕ್ಕೆ ಎಲ್ಲ ಹೊತ್ತೂ ಅನುಕೂಲ.