ಡೀಜೆ ದೊರೆಗಳೂ ಮಿರ್ಲೆಯ ತಮಟೆಯೂ

ಈಗಿನ ಯಾವ ಡೀಜೆಯನ್ನಾದರೂ ಮಾತಿಗೆಳೆದು ನೋಡಿ. ಮೂರನೇ ವಾಕ್ಯಕ್ಕೆ ಬಂದೇ ಬರುತ್ತದೆ: "ನಾನು ಬರೀ ಇಡಿಎಂ ಮಾಡಲ್ಲ ಸಾರ್, ಬೇರೆ ಬೇರೆ ಜಾನರ್ ಮಿಕ್ಸ್ ಮಾಡ್ತೀನಿ." ಹೇಳುವ ಗತ್ತು ನೋಡಿದರೆ, ಬೆರಕೆ ಎಂಬ ಬ್ರಹ್ಮವಿದ್ಯೆ ಇವರ ಲ್ಯಾಪ್‌ಟಾಪಿನಲ್ಲೇ ಕಣ್ಣುಬಿಟ್ಟಿತೇನೋ ಅನ್ನಿಸಬೇಕು. ಅಂಥವರು ಒಮ್ಮೆ ನಮ್ಮ ಕೆ.ಆರ್. ನಗರ ಸೀಮೆಯ ಮಿರ್ಲೆ ಕಡೆ ಹಬ್ಬಕ್ಕೆ ಬರಲಿ. ಮೆರವಣಿಗೆಯ ಮುಂದೆ ತಮಟೆ, ನಗಾರಿ. ಅದರ ಹಿಂದೆ ಕೆಂಪು ಕೋಟಿನ ಬ್ಯಾಂಡ್‌ಸೆಟ್ಟು. ಅದರ ಹಿಂದೆ ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಆಳೆತ್ತರದ ಸ್ಪೀಕರು, ಜನರೇಟರು, ಕತ್ತಲಲ್ಲೂ ಕಪ್ಪು ಕನ್ನಡಕ ತೆಗೆಯದ ಒಬ್ಬ ಹುಡುಗ. ನಡುವೆ ಪಲ್ಲಕ್ಕಿಯಲ್ಲಿ ಕೂತ ದೇವರಿಗೆ ಮೂರೂ ಒಟ್ಟಿಗೆ ಕೇಳಿಸುತ್ತದೆ. ಇದಕ್ಕಿಂತ ದೊಡ್ಡ ಬ್ಲೆಂಡ್ ಯಾವ ದೇಶದಲ್ಲಿದೆ ತೋರಿಸಿ.

ಕಾನೂನೂ ಇದೆ, ಇಲ್ಲವೆನ್ನಲಾರೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ಅರಳಿಕಟ್ಟೆಯಲ್ಲಿ ಪಂಚಾಯ್ತಿ ಎಲೆಕ್ಷನ್ ಮಾತು ಶುರುವಾದರೆ ಅದೇ 55 ದಾಟುತ್ತದೆ, ಇನ್ನು ಟ್ರೇಲರಿನ ಮಾತೇಕೆ. ಬಿಡಿ, ಇವತ್ತು ನನ್ನ ತಕರಾರು ಸದ್ದಿನದಲ್ಲ.

ಬೆರಕೆಯ ವಿಷಯದಲ್ಲಿ ವಿದೇಶೀಯರ ಮುಂದೆ ನಾವು ಕೈಕಟ್ಟಿ ನಿಲ್ಲಬೇಕಾದ್ದಿಲ್ಲ. ಜಪಾನಿನ ರೋಲ್ಯಾಂಡ್ ಕಂಪನಿ ಟಿಬಿ-303 ಎಂಬ ಪುಟ್ಟ ಪೆಟ್ಟಿಗೆ ಮಾಡಿತ್ತು. ಒಬ್ಬನೇ ಗಿಟಾರ್ ನುಡಿಸುವವನಿಗೆ ಪಕ್ಕದಲ್ಲಿ ಬೇಸ್ ಗಿಟಾರಿನವನು ಇದ್ದಂತೆ ಕೇಳಿಸಲಿ ಎಂಬುದು ಉದ್ದೇಶ. ಕೇಳಿದರೆ ಬೇಸ್ ಗಿಟಾರಿನ ಹೋಲಿಕೆಯೇ ಇಲ್ಲ. ಹೆಚ್ಚು ಜನ ಕೊಳ್ಳಲಿಲ್ಲ, ಕಂಪನಿ ಅದನ್ನು ಮಾಡುವುದನ್ನೇ ನಿಲ್ಲಿಸಿತು. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಧೂಳು ತಿನ್ನುತ್ತಿದ್ದ ಈ ಪೆಟ್ಟಿಗೆಯ ಕಿವಿ ಹಿಂಡಿ ಹಿಂಡಿ ಷಿಕಾಗೋದ ಫ್ಯೂಚರ್ ತಂಡದ ಹುಡುಗರು 1987ರಲ್ಲಿ 'ಆ್ಯಸಿಡ್ ಟ್ರ್ಯಾಕ್ಸ್' ಹೊರತಂದರು. ಆ್ಯಸಿಡ್ ಹೌಸ್ ಎಂಬ ಪಂಥ ಅಲ್ಲಿಂದ ಹುಟ್ಟಿತು ಎಂದು ಜಗತ್ತು ನಂಬಿತು. ಅದಕ್ಕೂ ಐದು ವರ್ಷ ಮೊದಲು ಮುಂಬೈನಲ್ಲಿ ಚರಣ್‌ಜಿತ್ ಸಿಂಗ್ ಎಂಬ ಸಿನಿಮಾ ವಾದ್ಯಗಾರರು ಅದೇ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದರು. 1982, ದೇಶಕ್ಕೆ ದೇಶವೇ ಡಿಸ್ಕೋ ಎಂದು ಸೊಂಟ ಕುಣಿಸುತ್ತಿದ್ದ ವರ್ಷ. ಇವರು ಲಲಿತ್, ಯಮನ್, ಮಾಲಕೌಂಸ್ ಎಂದು ಹತ್ತು ರಾಗ ಹಿಡಿದು ಡಿಸ್ಕೋ ತಾಳಕ್ಕೆ ಕೂರಿಸಿ ರೆಕಾರ್ಡ್ ತಂದರು. ಆ ಪೆಟ್ಟಿಗೆಗೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗುಣವಿತ್ತು. ನಮ್ಮ ರಾಗಕ್ಕೆ ಬೇಕಾದ್ದೂ ಅದೇ. ರೆಕಾರ್ಡು ಮಕಾಡೆ ಮಲಗಿತು. 2010ರಲ್ಲಿ ಡಚ್ಚರ ಲೇಬಲ್ಲೊಂದು ಅದನ್ನು ಮರುಮುದ್ರಿಸಿದಾಗ ಯುರೋಪಿನವರು ಮೂಗಿನ ಮೇಲೆ ಬೆರಳಿಟ್ಟರು. ಎಪ್ಪತ್ತು ದಾಟಿದ ಸರ್ದಾರ್ಜಿ ಅಲ್ಲಿನ ಪಡ್ಡೆ ಹುಡುಗರೆದುರು ಮತ್ತೆ ನುಡಿಸಿ ಬಂದರು. 2015ರಲ್ಲಿ ತೀರಿಕೊಂಡರು.

ಬೆರೆಸಿದವರನ್ನು ಜನ ಮೊದಲು ಬೈಯುವುದು ಎಲ್ಲ ಕಡೆಯ ಸಂಪ್ರದಾಯವೇ ಇರಬೇಕು. ಸ್ವೀಡನ್ನಿನ ಡೀಜೆ ಅವೀಚಿ 2013ರ ಮಾರ್ಚಿನಲ್ಲಿ ಮಯಾಮಿಯ ಅಲ್ಟ್ರಾ ಉತ್ಸವದ ವೇದಿಕೆಗೆ ಬ್ಯಾಂಜೋ ಗೀಂಜೋ ಹಿಡಿದವರನ್ನು ಹತ್ತಿಸಿದ. ಅಮೆರಿಕದ ಹಳ್ಳಿಗಾಡಿನ ವಾದ್ಯ ಅದು. ಕುಣಿಯಲು ಬಂದಿದ್ದವರು ಕೂಗಾಡಿದರು. ಮೂರು ತಿಂಗಳಿಗೆ 'ವೇಕ್ ಮಿ ಅಪ್' ಬಂತು. ಕೂಗಾಡಿದವರೂ ಸೇರಿ ಲೋಕವೆಲ್ಲ ಅದಕ್ಕೇ ಕುಣಿಯಿತು. ಹಳ್ಳಿ ವಾದ್ಯ ಕಂಡರೆ ಮೂಗು ಮುರಿಯುವುದು ನಮ್ಮ ಬೆಂಗಳೂರಿಗರ ಸ್ವಂತ ಆಸ್ತಿಯೇನಲ್ಲ ಎಂದು ನನಗೆ ಆಗ ಸಮಾಧಾನವಾಯಿತು.

ಇನ್ನು ನಮ್ಮವರಿಗೆ ಬರೋಣ. ನಮ್ಮ ಟ್ರೇಲರಿನ ರಾಷ್ಟ್ರಗೀತೆ ಯಾವುದು ಎಂದು ಕೇಳಿದರೆ ಎಳೆ ಮಕ್ಕಳೂ 'ಟಗರು' ಅನ್ನುತ್ತವೆ. 2018ರ ಸಿನಿಮಾ, ಚರಣ್ ರಾಜ್ ಸಂಗೀತ, ಕಂಠ ತಮಿಳುನಾಡಿನ ಜನಪದ ಗಾಯಕ ಆಂಥೋಣಿ ದಾಸನ್ ಅವರದು. ಇದೇ ಚರಣ್ ರಾಜ್ 2021ರ 'ಸಲಗ'ಕ್ಕೆ ಇನ್ನೂ ಜಾಣತನ ಮಾಡಿದರು. ಉತ್ತರ ಕನ್ನಡದ ಸಿದ್ದಿ ಜನರ ಹಾಡಿನ ಧಾಟಿ ಬೇಕೆನಿಸಿದಾಗ ಕಂಪ್ಯೂಟರಿನಲ್ಲಿ ಹುಡುಕುತ್ತಾ ಕೂರದೆ ಗಿರಿಜಾ ಸಿದ್ದಿ, ಗೀತಾ ಸಿದ್ದಿ ಅವರನ್ನೇ ಮೈಕಿನ ಮುಂದೆ ನಿಲ್ಲಿಸಿದರು. ಹೆಸರೂ ಅವರದೇ ಬಂತು. ಇದೇನು ಮಹಾ ಎನ್ನಬೇಡಿ. ಅಮೆರಿಕದ ಮೋಬಿ 1999ರಲ್ಲಿ 'ಪ್ಲೇ' ಎಂಬ ಆಲ್ಬಮ್ ಮಾಡಿದಾಗ ಅಲನ್ ಲೋಮ್ಯಾಕ್ಸ್ ಹಿಂದೆಂದೋ ಸಂಗ್ರಹಿಸಿಟ್ಟಿದ್ದ ಕರಿಯರ ಹಾಡುಗಳನ್ನು ಕತ್ತರಿಸಿ ಅಂಟಿಸಿದ್ದ. ಅದರಲ್ಲಿ ದನಿ ಕೇಳಿಸುವ ವೆರಾ ಹಾಲ್ ಎಂಬಾಕೆ ಅಷ್ಟು ಹೊತ್ತಿಗೆ ಸತ್ತು ಮೂವತ್ತೈದು ವರ್ಷ. ಆಲ್ಬಮ್ ಸೊಗಸಾಗಿದೆ, ಅದು ಬೇರೆ ಮಾತು. ಆದರೂ ಹಾಡುವವರು ಎದುರಿಗಿದ್ದರೆ "ಅದಂಗಲ್ಲ ಕಣಪ್ಪ, ಹಿಂಗೆ" ಅಂತ ಒಂದು ಮಾತಾದರೂ ಹೇಳುತ್ತಾರೆ. ಸ್ಯಾಂಪಲ್ಲು ಎದುರು ಮಾತಾಡುವುದಿಲ್ಲ.

ಎದುರು ಮಾತು ಬೇರೆ ಕಡೆಯಿಂದಲೂ ಬರಬಹುದು. 'ಕೋಲುಮಂಡೆ ಜಂಗಮ' ನಮ್ಮ ಸೀಮೆಯ ಮಾದಪ್ಪನ ಹಾಡು, ಕಂಸಾಳೆಯವರ ಬಾಯಲ್ಲಿ ತಲೆಮಾರುಗಳಿಂದ ಇದೆ. 1996ರ 'ಜನುಮದ ಜೋಡಿ'ಯಲ್ಲಿ ವಿ. ಮನೋಹರ್ ಅದನ್ನು ಸಿನಿಮಾಕ್ಕೆ ತಂದರು, ಎಲ್.ಎನ್. ಶಾಸ್ತ್ರಿ ಹಾಡಿ ರಾಜ್ಯ ಪ್ರಶಸ್ತಿ ಪಡೆದರು. ಮಾದಪ್ಪನ ಒಕ್ಕಲು ತಲೆದೂಗಿತು. 2020ರಲ್ಲಿ ರ‍್ಯಾಪರ್ ಚಂದನ್ ಶೆಟ್ಟಿ ಅದೇ ಹಾಡನ್ನು ಬೀಟಿಗೆ ಹಾಕಿ ವಿಡಿಯೊ ಮಾಡಿದರು. ವಿಡಿಯೊದಲ್ಲಿ ಮಾದಪ್ಪನ ಕತೆಯ ಶರಣೆ ಸಂಕಮ್ಮನನ್ನು ತೋರಿಸಿದ ರೀತಿಗೆ ಭಕ್ತರು ಕೆರಳಿದರು, ಚಂದನ್ ಕ್ಷಮೆ ಕೇಳಿದರು. ಗಮನಿಸಿ, ಜನ ಸಿಟ್ಟಾದದ್ದು ಬೀಟಿಗಲ್ಲ. ಗುಡಿಯ ಮುಂದೆ ಅದಕ್ಕಿಂತ ಜೋರು ಬೀಟು ಕೇಳಿದ ಜನ ಇವರು. ಕತೆ ಗೊತ್ತಿಲ್ಲದೆ ಹಾಡಿಗೆ ಕೈಹಾಕಿದರೆ ತಾಳ ಸರಿಯಾಗಿದ್ದರೂ ಪೆಟ್ಟು ಬೀಳುತ್ತದೆ.

ಈಗ ನನ್ನ ನಿಜವಾದ ತಕರಾರು. ಡೀಜೆಗೆ ಒಂದು ಹಾಡಿನಿಂದ ಇನ್ನೊಂದಕ್ಕೆ ಗೊತ್ತಾಗದಂತೆ ದಾಟಬೇಕು. ದಾಟಬೇಕಾದರೆ ಎರಡರ ವೇಗವೂ ಒಂದೇ ಇರಬೇಕು. ಹಾಗಾಗಿ ಎಲ್ಲವನ್ನೂ ನಿಮಿಷಕ್ಕೆ 120ರಿಂದ 130 ಏಟಿನ ಗೂಟಕ್ಕೆ ಕಟ್ಟುತ್ತಾನೆ. ಮಾದಪ್ಪನೂ ಅಲ್ಲೇ, ಟಗರೂ ಅಲ್ಲೇ, ಪಂಜಾಬಿನವನೂ ಅಲ್ಲೇ. ನಮ್ಮ ತಮಟೆಯವರು ಮೊದಲು ಒಣಹುಲ್ಲಿಗೆ ಬೆಂಕಿ ಹಚ್ಚಿ ಚರ್ಮ ಕಾಯಿಸುತ್ತಾರೆ, ಬೆರಳಲ್ಲಿ ತಟ್ಟಿ ಕಿವಿಗೊಡುತ್ತಾರೆ, ಆಮೇಲೆ ಮೆಲ್ಲಗೆ ಎತ್ತಿಕೊಳ್ಳುತ್ತಾರೆ. ಕಣ್ಣು ಕುಣಿಯುವವನ ಕಾಲ ಮೇಲೆ. ಕಾಲು ಬಿಸಿಯಾದರೆ ಏಟೂ ಬಿಸಿ. ಅವನು ಏದುಸಿರು ಬಿಟ್ಟರೆ ಇವರು ಒಂದು ಸುತ್ತು ಇಳಿಸಿ, ಅವನು ಇನ್ನೇನು ಕೂರುತ್ತಾನೆ ಅನ್ನುವಷ್ಟರಲ್ಲಿ ಮತ್ತೆ ಏರಿಸಿ ಮಾನ ಕಳೆಯುತ್ತಾರೆ. ಡೀಜೆಗಳು ಡ್ರಾಪ್ ಡ್ರಾಪ್ ಎಂದು ಬಾಯಿ ಬಡಿದುಕೊಳ್ಳುವುದು ಇದನ್ನೇ. ಆದರೆ ಅವರ ಡ್ರಾಪು ಮನೆಯಲ್ಲೇ ಕೂತು ಮಾಡಿಟ್ಟದ್ದು, ಕುಣಿಯುವವನಿಗೆ ಸುಸ್ತಾಗಿದೆಯೋ ಇಲ್ಲವೋ ಅದಕ್ಕೆ ಗೊತ್ತಾಗದು. ಪೆನ್‌ಡ್ರೈವಿಗೆ ಕಣ್ಣಿಲ್ಲ.

ಹಾಗೆಂದು ಯಂತ್ರವನ್ನೇ ಬಿಸಾಡಿ ಎನ್ನುವ ಪೈಕಿ ನಾನಲ್ಲ. ಯಂತ್ರ ಹಾಡಿನ ಮಾತು ಕೇಳಬೇಕು, ಹಾಡು ಯಂತ್ರದ ಮಾತು ಕೇಳಬಾರದು. ಸರ್ದಾರ್ಜಿ ರಾಗಕ್ಕೆ ತಕ್ಕಂತೆ ಪೆಟ್ಟಿಗೆಯನ್ನು ಜಾರಿಸಿದರು. 'ಬೇಸ್ ರಾಣಿ' ಆಲ್ಬಮ್ಮಿನ ಡೀಜೆ ನ್ಯೂಕ್ಲಿಯಾ ಕೂಡ ನಮ್ಮ ಬೀದಿ ವಾದ್ಯಗಳ ಒರಟುತನವನ್ನು ಉಜ್ಜಿ ನುಣುಪು ಮಾಡಲಿಲ್ಲ, ಹಾಗಾಗಿ ಗಣಪತಿ ಮೆರವಣಿಗೆಯವರಿಗೂ ಕಾಲೇಜು ಹುಡುಗರಿಗೂ ಒಟ್ಟಿಗೆ ರುಚಿಸಿದ. ಉಳಿದ ಮುಕ್ಕಾಲು ಮಂದಿ ಹಳೇ ಹಾಡಿಗೆ ಕೆಳಗಿಂದ ದಡ್ ದಡ್ ಎಂದು ಗುದ್ದುವುದನ್ನೇ ಫ್ಯೂಷನ್ ಎಂದುಕೊಂಡಿದ್ದಾರೆ.

ಆದ್ದರಿಂದ, ಟ್ರೇಲರಿನ ಮೇಲಿರುವ ತಮ್ಮಂದಿರೇ, ಒಂದು ಕೆಲಸ ಮಾಡಿ. ಶಿವರಾತ್ರಿ ಸಮಯಕ್ಕೆ ನಮ್ಮ ಕೆ.ಆರ್. ನಗರ ಸೀಮೆಯ ಕಾವೇರಿ ದಂಡೆಯಲ್ಲಿ ಕಪ್ಪಡಿ ಜಾತ್ರೆ ಶುರುವಾಗುತ್ತದೆ, ದಿನಗಟ್ಟಲೆ ನಡೆಯುತ್ತದೆ. ರಾಚಪ್ಪಾಜಿಯ ಒಕ್ಕಲು, ಮಂಟೇಸ್ವಾಮಿ ಕತೆ ಹಾಡುವ ನೀಲಗಾರರು, ತಂಬೂರಿ, ತಾಳ, ಗಗ್ಗರ ಎಲ್ಲ ಅಲ್ಲಿರುತ್ತವೆ. ಹಾಡು ನಡುವೆ ಮಾತಾಗುತ್ತದೆ, ಮಾತು ಮತ್ತೆ ಹಾಡಾಗುತ್ತದೆ, ವೇಗ ಕತೆಯ ಹಿಂದೆ ಹೋಗುತ್ತದೆ. ಜನರೇಟರ್ ಆಫ್ ಮಾಡಿ, ಕನ್ನಡಕ ತೆಗೆದಿಟ್ಟು, ಒಂದು ರಾತ್ರಿ ಅವರ ಮುಂದೆ ಕೂತು ಕೇಳಿ. ರೆಕಾರ್ಡ್ ಮಾಡಬೇಕೆನಿಸಿದರೆ ಮೊದಲು ಅವರನ್ನು ಕೇಳಿ ಮಾಡಿ, ಹಾಡಿದವರಿಗೆ ದುಡ್ಡು ಕೊಡಿ, ಹೆಸರು ಹಾಕಿ. ಆಮೇಲೆ ಏನು ಬೇಕಾದರೂ ಬೆರೆಸಿ.