ನೀರು ಸಾಕಿದ ಮಾಸ್ತರು

ಮನೆಯಲ್ಲಿ ಮೀನು ಸಾಕಿದ್ದೇನೆ ಅಂದರೆ ನಮ್ಮ ಐಹೊಳೆಯಲ್ಲಿ ಎರಡು ಪ್ರಶ್ನೆ ತಪ್ಪದೆ ಬರುತ್ತವೆ. ಮೊದಲನೆಯದು, "ತಿನ್ನಾಕೇನ್ರೀ?" ನಮ್ಮದು ಸೋಮವಾರ ಉಳ್ಳಾಗಡ್ಡಿಯನ್ನೂ ಒಳಗೆ ಬಿಡದ ಮನೆ ಎಂದು ಗೊತ್ತಿದ್ದವರೂ ಕೇಳುತ್ತಾರೆ. ಅಲ್ಲ ಅಂದ ಕೂಡಲೇ ಎರಡನೆಯದು, "ಮತ್ಯಾಕ?" ಇದಕ್ಕೆ ಮಾತ್ರ ನನ್ನ ಹತ್ತಿರ ನೆಟ್ಟಗಿನ ಉತ್ತರವಿಲ್ಲ. ಆಕಳು ಸಾಕಿದರೆ ಹೈನು, ನಾಯಿ ಸಾಕಿದರೆ ಕಾವಲು. ಕಿರುಬೆರಳಿನಷ್ಟೂ ಉದ್ದವಿಲ್ಲದ ಹನ್ನೆರಡು ಮೀನು ಸಾಕಿದರೆ? ಕರೆಂಟ್ ಬಿಲ್ಲು.

ಮೀನು ಬರುವುದಕ್ಕೆ ಮುಂಚೆ ಒಂದು ತಿಂಗಳಿಗೂ ಮಿಕ್ಕಿ ನಮ್ಮ ಪಡಸಾಲೆಯಲ್ಲಿ ಬರೀ ನೀರಿತ್ತು. ಗಾಜಿನ ತೊಟ್ಟಿ, ತಳದಲ್ಲಿ ಉಸುಕು, ಗುಳುಗುಳು ಅನ್ನುವ ಫಿಲ್ಟರ್, ಮೇಲೊಂದು ದೀಪ. ಶಾಸ್ತ್ರ ಹಾಗಿದೆ. ಮೀನು ಹೊರಹಾಕುವ ಅಮೋನಿಯ ಮೀನಿಗೇ ವಿಷ. ಒಂದು ಬಗೆಯ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯದು ಅದನ್ನು ನೈಟ್ರೇಟ್ ಮಾಡಿದ ಮೇಲೆ ಅಪಾಯ ಬಹಳ ಮಟ್ಟಿಗೆ ಕಳೆಯುತ್ತದೆ. ಕಣ್ಣಿಗೆ ಕಾಣದ ಈ ಎರಡು ಮನೆತನಗಳು ಫಿಲ್ಟರಿನ ಸ್ಪಂಜಿನಲ್ಲಿ ಬಿಡಾರ ಹೂಡಲು ನಾಲ್ಕರಿಂದ ಆರು ವಾರ ಬೇಕು. ಅವಕ್ಕೆ ಮೇವಾಗಲಿ ಎಂದು ಅಲ್ಲಿಯವರೆಗೆ ದಿನಾ ಚಿಟಿಕೆ ಮೀನಿನ ಆಹಾರವನ್ನು ಖಾಲಿ ನೀರಿಗೆ ಉದುರಿಸಬೇಕು. ಇಲ್ಲದ ಮೀನಿಗೆ ನಾನು ಹೊತ್ತು ಹೊತ್ತಿಗೆ ಊಟ ಹಾಕುವುದನ್ನು ಓಣಿಯವರು ಕಿಟಕಿಯಿಂದ ನೋಡಿದರು. "ಮಾಸ್ತರು ನೀರ ಸಾಕ್ಯಾರಂತ" ಎಂಬ ಸುದ್ದಿ ಚಹಾದಂಗಡಿಗೆ ನನಗಿಂತ ಮೊದಲೇ ತಲುಪಿತ್ತು. ನಮ್ಮವ್ವನಿಗೆ ತಡೆಯಲಾಗಲಿಲ್ಲ. "ಒಂದೆರಡು ಮೀನರ ತಂದು ಬಿಡೋ ಯಪ್ಪಾ, ಮಂದಿ ಏನೇನರ ಅಂತಾರ" ಅಂದಳು.

ಆದರೆ ಒಂದೆರಡು ತರುವ ಹಾಗಿಲ್ಲವಲ್ಲ! ನನಗೆ ಬೇಕಿದ್ದದ್ದು ಗುಂಪಿನಲ್ಲಿ ಬಾಳುವ ಮೀನು. ಅಂಗಡಿಯಲ್ಲಿ ಕಣ್ಣು ನೆಟ್ಟಿದ್ದು ನಿಯಾನ್ ಟೆಟ್ರಾ ಮೇಲೆ. ಮೈಮೇಲೊಂದು ನೀಲಿ ಮಿಂಚು, ಕೆಳಗೆ ಕೆಂಪು ಪಟ್ಟೆ. ಅದು ಅಮೆಜಾನ್ ಸೀಮೆಯದು, ಎಲೆ ಕೊಳೆತು ಕಂದಿದ ಮೆದು ನೀರಿನಲ್ಲಿ ಹುಟ್ಟಿ ಬೆಳೆದದ್ದು. ನಮ್ಮ ಬೋರಿನ ನೀರೋ, ಚಹಾ ಪಾತ್ರೆಯ ತಳಕ್ಕೆ ಬಿಳಿ ಪೊರೆ ಕಟ್ಟಿಸುವಂಥ ಸವಳು. ಬಾಗಲಕೋಟೆಯಲ್ಲಿ ಸಿಮೆಂಟ್ ಕಾರ್ಖಾನೆಗಳು ನಿಂತದ್ದೇ ಕಲಾದಗಿ ಸೀಮೆಯ ಸುಣ್ಣಕಲ್ಲಿನ ದೆಸೆಯಿಂದ. ಗಪ್ಪಿ, ಮಾಲಿ ಇಂಥ ನೀರಿನಲ್ಲಿ ಸುಖವಾಗಿರುತ್ತವೆ. ಗಪ್ಪಿಯನ್ನಂತೂ ಸೊಳ್ಳೆಮರಿ ತಿನ್ನಲಿ ಎಂದು ಆರೋಗ್ಯ ಇಲಾಖೆಯವರೇ ಬಾವಿ, ತೊಟ್ಟಿಗಳಿಗೆ ಬಿಡುತ್ತಾರೆ. ಆದರೆ ಒಂದು ಮನೆಗೆ ಒಬ್ಬ ಸರಕಾರಿ ನೌಕರ ಸಾಕು ಅನಿಸಿ, ಹನ್ನೆರಡು ಝೀಬ್ರಾ ಡ್ಯಾನಿಯೊ ಕಟ್ಟಿಸಿಕೊಂಡು ಬಂದೆ.

ಡ್ಯಾನಿಯೊ ನಮ್ಮ ದೇಶದ್ದೇ. ಗಂಗೆಯ ಬಯಲಿನಲ್ಲಿದೆ, ನಮ್ಮ ಮಲೆನಾಡಿನ ಹಳ್ಳಗಳಲ್ಲೂ ಇದೆ. ಕಿವಿರಿನಿಂದ ಬಾಲದ ತುದಿಯವರೆಗೆ ನೀಲಿ ಗೆರೆ, ನಡುನಡುವೆ ಹೊನ್ನಿನ ಗೆರೆ. ಹೆಣ್ಣಿನ ಹೊಟ್ಟೆ ತುಸು ದುಂಡಗೆ, ಗಂಡು ಸಪೂರ. ಈ ಮೀನಿನ ವಿವರವನ್ನು 1822ರಲ್ಲಿ ಮೊದಲು ಅಚ್ಚು ಹಾಕಿಸಿದವನು ಫ್ರಾನ್ಸಿಸ್ ಹ್ಯಾಮಿಲ್ಟನ್, ಗಂಗೆಯ ಮೀನುಗಳ ಮೇಲಿನ ತನ್ನ ಪುಸ್ತಕದಲ್ಲಿ. ಈತ ನಮಗೆ ಅಪರಿಚಿತನಲ್ಲ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನೆಲ್ಲ ಸುತ್ತಿ ಯಾವ ಊರಲ್ಲಿ ಯಾವ ಬೆಳೆ, ಯಾವ ಸಂತೆಯಲ್ಲಿ ಏನು ಧಾರಣೆ ಎಂದು ಬರೆದಿಟ್ಟ ಬುಕಾನನ್ ಇದ್ದಾನಲ್ಲ, ಅವನೇ ಇವನು. ಮುಂದೆ ತಾಯಿಯ ಕಡೆಯ ಆಸ್ತಿ ಬಂತು, ಜೊತೆಗೆ ತಾಯಿಯ ಮನೆತನದ ಹೆಸರನ್ನೂ ಇಟ್ಟುಕೊಂಡ. ಆಸ್ತಿಗಾಗಿ ಅಣ್ಣತಮ್ಮಂದಿರು ಮಾತು ಬಿಡುವುದನ್ನು ನಾವು ಕಂಡಿದ್ದೇವೆ. ಹೆಸರೇ ಬದಲಾದರೆ ಇತಿಹಾಸದ ಮಾಸ್ತರುಗಳ ಗತಿ ಏನು? ಇರಲಿ. ಅವನು ಬರೆದಿಟ್ಟ ಮೀನು ಕೊನೆಗೆ ಅಮೆರಿಕದ ಪ್ರಯೋಗಾಲಯ ಸೇರಿತು. 1981ರಲ್ಲಿ ಒರೆಗಾನ್ ವಿಶ್ವವಿದ್ಯಾಲಯದ ಜಾರ್ಜ್ ಸ್ಟ್ರೈಸಿಂಗರ್ ಇದರ ತದ್ರೂಪುಗಳನ್ನು ಬೆಳೆಸಿದ್ದನ್ನು ಪ್ರಕಟಿಸಿದ ಮೇಲೆ ಲೋಕದ ಜೀವವಿಜ್ಞಾನಿಗಳೆಲ್ಲ ಇದರ ಬೆನ್ನು ಹತ್ತಿದರು. ನಮ್ಮ ಮನೆಯ ಹನ್ನೆರಡಕ್ಕೆ ಈ ಹೆಚ್ಚುಗಾರಿಕೆ ಏನೂ ಇಲ್ಲ. ಊಟದ ಡಬ್ಬಿ ಸದ್ದಾದರೆ ಮೇಲೆ ಬರುತ್ತವೆ, ಅಷ್ಟೆ.

ನಾನು ಗಂಟೆಗಟ್ಟಲೆ ಕೂತು ನೋಡುವುದು ಅವು ಹೊರಳುವ ರೀತಿಯನ್ನು. ಬಾಗಿಲಿಗೆ ಯಾರಾದರೂ ಬಂದು ಗಾಜಿನ ಮೇಲೆ ನೆರಳು ಬಿದ್ದರೆ ಸಾಕು, ಗದ್ದಲದ ಕ್ಲಾಸಿಗೆ ಹೆಡ್ ಮಾಸ್ತರು ಕಾಲಿಟ್ಟ ಹಾಗೆ ಹನ್ನೆರಡೂ ಒಮ್ಮೆಲೇ ಒತ್ತಾಗಿ ಒಂದೇ ಕಡೆ ತಿರುಗುತ್ತವೆ. ಮುಂದಾಳು ಯಾರೂ ಇಲ್ಲ. ಈಗ ಮುಂದಿದ್ದದ್ದು ಮರುಗಳಿಗೆ ಹಿಂದೆ. ಮೈಯ ಎರಡೂ ಮಗ್ಗುಲಲ್ಲಿ ಅವಕ್ಕೆ ಪಾರ್ಶ್ವರೇಖೆ ಎಂಬ ಇಂದ್ರಿಯವಿದೆ. ಪಕ್ಕದವನು ಅಲುಗಿದರೆ ನೀರಿನ ಒತ್ತಡದಿಂದಲೇ ತಿಳಿಯುತ್ತದೆ. 1987ರಲ್ಲಿ ಕ್ರೇಗ್ ರೆನಾಲ್ಡ್ಸ್ ಎಂಬಾತ ಕಂಪ್ಯೂಟರಿನಲ್ಲಿ ಇಂಥ ಗುಂಪನ್ನು ಮೂರೇ ಕಟ್ಟಳೆ ಕೊಟ್ಟು ಓಡಿಸಿ ತೋರಿಸಿದ: ಪಕ್ಕದವರಿಗೆ ಡಿಕ್ಕಿ ಹೊಡೆಯಬೇಡ, ಅವರು ಹೋಗುವ ದಿಕ್ಕಿಗೇ ಹೋಗು, ಗುಂಪು ಬಿಟ್ಟು ದೂರವಾಗಬೇಡ. ನಮ್ಮವ್ವ ಜಾತ್ರೆಗೆ ಹೊರಡುವಾಗ ನಮಗೆ ಹೇಳುತ್ತಿದ್ದದ್ದೂ ಇವೇ ಮೂರು. ಆದರೆ ಈ ಒಗ್ಗಟ್ಟು ನೋಡಿ ಕಣ್ಣಲ್ಲಿ ನೀರು ತಂದುಕೊಳ್ಳಬೇಡಿ. 1971ರಲ್ಲಿ ಇನ್ನೊಬ್ಬ ಹ್ಯಾಮಿಲ್ಟನ್, ಇವನು ಡಬ್ಲ್ಯು. ಡಿ. ಹ್ಯಾಮಿಲ್ಟನ್, ಹಿಂಡಿನ ಗುಟ್ಟು ಬಿಟ್ಟುಕೊಟ್ಟ: ಪ್ರತಿಯೊಂದೂ ತನಗೂ ವೈರಿಗೂ ನಡುವೆ ಇನ್ನೊಬ್ಬನಿರಲಿ ಎಂದು ನೋಡುತ್ತದಂತೆ. ಅದೂ ಸಾಲದೆ ಡ್ಯಾನಿಯೊ ಬೆಳಕು ಹರಿಯುವ ಹೊತ್ತಿಗೆ ಮೊಟ್ಟೆ ಉದುರಿಸಿ, ಬೆನ್ನ ಹಿಂದೆಯೇ ತಾನೇ ತಿನ್ನಲು ನಿಲ್ಲುತ್ತದೆ. ಮೊಟ್ಟೆ ಸಂದಿಗೆ ಇಳಿದು ಉಳಿಯಲಿ ಎಂದು ತಳದಲ್ಲಿ ಗೋಲಿ ಹರವುತ್ತಾರೆ. ನನ್ನ ಮಗನ ಗೋಲಿಗಳೆಲ್ಲ ಈಗ ಅಲ್ಲಿವೆ. ಅವನು ನನ್ನ ಜೊತೆ ಮಾತು ಬಿಟ್ಟಿದ್ದಾನೆ.

ಸ್ವಾರ್ಥವಿದ್ದೂ ಕೂಡಿ ನಡೆಯುವುದು ನಮ್ಮೂರಿಗೆ ಹೊಸದೇನಲ್ಲ. ಇದೇ ಐಹೊಳೆಯ ಹೆಸರು ಹೊತ್ತ ಹಳೆಯ ಕಾಲದ ವರ್ತಕರ ಸಂಘ, ಅಯ್ಯಾವೊಳೆಯ ಐನೂರ್ವರು, ಧರ್ಮಕ್ಕೆ ತಿರುಗಿದವರಲ್ಲ, ಲಾಭಕ್ಕೆ ತಿರುಗಿದವರು. ಎತ್ತು ಕತ್ತೆಗಳ ಮೇಲೆ ಹೇರು ಹೇರಿ, ಕಾವಲಿನವರನ್ನು ಕಟ್ಟಿಕೊಂಡು, ದಾರಿಗಳ್ಳರಿಗೆ ಒಬ್ಬರೂ ಒಂಟಿಯಾಗಿ ಸಿಗದಂತೆ ನಡೆದರು. ಸಮುದ್ರ ದಾಟಿ ಸುಮಾತ್ರಕ್ಕೂ ಹೋದರು. ಅಲ್ಲಿನ ಬಾರೂಸಿನಲ್ಲಿ 1088ರ ತಮಿಳು ಶಾಸನದಲ್ಲಿ ಅವರ ಹೆಸರಿದೆ. ತಲೆ ಎಷ್ಟಾದರೂ ಹೆಸರು ಮಾತ್ರ ಐನೂರ್ವರೇ. ಬಾದಾಮಿಯ ಎರಡನೆಯ ಗುಹೆಯ ಛಾವಣಿಯನ್ನೂ ನೋಡಿ. ಚೌಕದೊಳಗೊಂದು ಚಕ್ರ, ಅದಕ್ಕೆ ಅರಗಳ ಬದಲು ಹದಿನಾರು ಮೀನು. ಅದರಲ್ಲೂ ದೊಡ್ಡದೊಂದು, ಚಿಕ್ಕದೊಂದು ಅಂತಿಲ್ಲ. ಆ ಮೀನುಗಳನ್ನು ನಿಧಾನ ಎಣಿಸಬಹುದು, ಕೈಯಲ್ಲಿ ಬಾಳೆಹಣ್ಣು ಇರಬಾರದಷ್ಟೆ. ಇದ್ದರೆ ಮಂಗಗಳು ಲೆಕ್ಕ ತಪ್ಪಿಸುತ್ತವೆ.

ನಮ್ಮ ಮನೆಯವನ್ನು ಎಣಿಸುವುದು ಯಾರಿಂದಲೂ ಆಗದು. ಹನ್ನೊಂದು ಅನ್ನುವಷ್ಟರಲ್ಲಿ ಮೊದಲನೆಯದು ಮತ್ತೆ ಎದುರು ಬಂದಿರುತ್ತದೆ. ಬೇಸಿಗೆಯಲ್ಲಿ ಈ ಎಣಿಕೆ ಜೋರು. ಬಿಸಿಲು ನಲವತ್ತು ಡಿಗ್ರಿ ಮುಟ್ಟಿ, ಕರೆಂಟೂ ಹೋಗಿ, ಕಾದ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತವೆ. ಆಗ ಅವ್ವ ತನ್ನ ಹಳೆಯ ಇಳಕಲ್ಲ ಸೀರೆ ತೋಯಿಸಿ ತೊಟ್ಟಿಗೆ ಸುತ್ತುತ್ತಾಳೆ. ನಾನು ಚೊಂಬಿನಿಂದ ನೀರು ಎತ್ತಿ ಎತ್ತಿ ಸುರಿಯುತ್ತೇನೆ. ಟೋಪ ತೆನೆಯ ಸೆರಗಿನ ಮರೆಯಿಂದ ಡ್ಯಾನಿಯೊಗಳು ಇಣುಕುತ್ತವೆ.

ಹೋದ ದೀಪಾವಳಿಗೆ ಇಳಕಲ್ಲಿನಿಂದ ತಂಗಿಯ ಮಗಳು ಬಂದವಳು, "ಮಾಮಾ, ನನಗೊಂದು ಮೀನ ಕೊಡು" ಎಂದು ಹಟ ಹಿಡಿದಳು. ಒಂಟಿ ಮಾಡಿದರೆ ಅದು ಮೂಲೆ ಹಿಡಿದು ಸೊರಗುತ್ತದೆ, ಕಡಿಮೆ ಅಂದರೂ ಆರಾದರೂ ಬೇಕು ಎಂದು ನಾನು ಪಾಠ ಶುರು ಮಾಡಿದೆ. ಅವ್ವ ನಡುವೆಯೇ ತೀರ್ಪು ಕೊಟ್ಟಳು: "ಹಂಗಾರ ಆರು ಕೊಡು. ಅಕೀಗೂ ಆರು, ನಿನಗೂ ಆರು." ಲೆಕ್ಕದ ಮಾಸ್ತರನಾಗಿ ನಾನು ಏನು ತಕರಾರು ತೆಗೆಯಲಿ? ತಂಗಿಯ ಮನೆಯಲ್ಲೂ ತೊಟ್ಟಿ ಕೂತು, ನೀರು ಹದವಾದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಆರನ್ನು ಹಿಡಿದು ಬಸ್ಸು ಹತ್ತಿದೆ. ಕಂಡಕ್ಟರ್ ಚೀಲವನ್ನು ಎತ್ತಿ ನೋಡಿ, "ಇವು ಲಗೇಜಿಗೂ ಬರೂದಿಲ್ಲ, ಹಾಫ್ ಟಿಕೆಟ್ಟಿಗೂ ಬರೂದಿಲ್ಲ, ಕೂಡ್ರೀ" ಅಂದ. ಅಮೀನಗಡ, ಹುನಗುಂದ ದಾಟಿ ನಮ್ಮವರ ಒಂದು ಶಾಖೆ ಇಳಕಲ್ಲಿನಲ್ಲೂ ತೆರೆಯಿತು. ಈಗ ಇಲ್ಲಿ ಆರು, ಅಲ್ಲಿ ಆರು. ದಿನಾ ಸಂಜೆ ಫೋನಿನಲ್ಲಿ ಅವ್ವ ಕೇಳುತ್ತಾಳೆ, "ಹನ್ನೆರಡಕ್ಕೂ ಊಟ ಆತೇನವಾ?" ಆ ಕಡೆಯಿಂದ ಹುಡುಗಿ, "ಹನ್ನೆರಡಕ್ಕೂ ಆತು, ಆಯಿ. ನಿಮ್ಮ ಹನ್ನೆರಡರದು?" ಅನ್ನುತ್ತಾಳೆ. ಇಬ್ಬರಿಗೂ ಗಣಿತ ಕಲಿಸಿದವನು ನಾನೇ.