ಮಡಚಿದ ನೋಟು

ಪಾಪನಿವೇದನೆಯ ಗುಟ್ಟು ಕಾಯುವ ಕಟ್ಟುಪಾಡು ಇರುವುದು ಗುರುಗಳಿಗೆ, ಪಾಪ ಮಾಡಿದವನಿಗಲ್ಲ. ಆ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ವರ್ಷಕ್ಕೊಮ್ಮೆಯಾದರೂ ಪಾಪ ಹೇಳಿಕೊಳ್ಳಲೇಬೇಕೆಂದು 1215ರ ಲ್ಯಾಟರನ್ ಮಹಾಸಭೆ ಗೊತ್ತುಮಾಡಿತು. ನಾನು ಆ ಕನಿಷ್ಠಕ್ಕೆ ಬದ್ಧ. ತಪಸ್ಸುಕಾಲ ಬಂತೆಂದರೆ ಸಾಲಿನಲ್ಲಿ ನಿಂತು, ಮಂಡಿಯೂರಿ, ಪಟ್ಟಿ ಒಪ್ಪಿಸುತ್ತೇನೆ: ಕೋಪ ಬಂತು, ಜಪಸರ ತಪ್ಪಿತು, ಪೂಜೆಯ ಹೊತ್ತಿನಲ್ಲಿ ಮನಸ್ಸು ಅಲೆಯಿತು. ಇಪ್ಪತ್ತು ವರ್ಷದಿಂದ ಇದೇ ಪಟ್ಟಿ. ಎಲ್ಲವೂ ಇಸ್ತ್ರಿ ಹಾಕಿದ, ನಾಲ್ಕು ಜನರೆದುರು ಉಟ್ಟುಕೊಂಡು ಓಡಾಡಬಹುದಾದ ಪಾಪಗಳು. ಸಮಯ ಉಳಿದರೆ ಹೆಂಡತಿಯ ಪಾಪಗಳನ್ನೂ ಹೇಳಿಬಿಡುತ್ತೇನೆ: "ಅವಳು ಹಾಗಂದಳು ಫಾದರ್, ಅದಕ್ಕೇ ನನಗೆ ಸಿಟ್ಟು ಬಂದದ್ದು."

ತಪಸ್ಸುಕಾಲದ ಶುಕ್ರವಾರ ಮಾಂಸ ವರ್ಜ್ಯ. ಮೀನಿಗೆ ಅಡ್ಡಿಯಿಲ್ಲ. ಮಾಂಸ ಬಿಟ್ಟ ದುಃಖಕ್ಕೆ ಹುರಿದ ಅಂಜಲ್ ಎರಡು ತುಂಡು ಹೆಚ್ಚೇ ಇಳಿಯುತ್ತದೆ. ಅದು ಪಟ್ಟಿಯಲ್ಲಿಲ್ಲ.

ಸಂತ ಅಗಸ್ಟೀನರನ್ನು ನೋಡಿ. ಹದಿನಾರರ ವಯಸ್ಸಿನಲ್ಲಿ ಗೆಳೆಯರ ಜೊತೆ ಯಾರದೋ ಮರಸೇಬು ಕದ್ದರು. ಹಸಿವಿಗಲ್ಲ, ತಮ್ಮಲ್ಲಿ ಅದಕ್ಕಿಂತ ಒಳ್ಳೆಯ ಹಣ್ಣೇ ಇತ್ತು. ಕದ್ದದ್ದನ್ನು ಹಂದಿಗಳಿಗೆ ಎಸೆದರು. ಬಿಷಪ್ಪರಾದ ಮೇಲೆ ಅದನ್ನೇ ಪುಟಗಟ್ಟಲೆ ಕೆದಕಿ ಬರೆದರು. ನಾನಾಗಿದ್ದರೆ ಬಿಷಪ್ಪನಾದ ದಿನವೇ ಆ ಮರ ಕಡಿಸಿರುತ್ತಿದ್ದೆ. ದೊಡ್ಡ ಪಾಪ ಒಪ್ಪಿಕೊಂಡವನಿಗೆ ಸಂತನಾಗುವ ಅವಕಾಶವಾದರೂ ಉಂಟು. ಚಿಲ್ಲರೆ ಪಾಪ ಒಪ್ಪಿಕೊಂಡರೆ ನಾನು ಚಿಲ್ಲರೆ ಮನುಷ್ಯನೆಂಬುದು ಖಾತ್ರಿಯಾಗಿಬಿಡುತ್ತದಲ್ಲ!

ನನ್ನ ಚಿಲ್ಲರೆ, ಅಕ್ಷರಶಃ, ಹತ್ತು ರೂಪಾಯಿ. ಭಾನುವಾರ ಕಾಣಿಕೆ ಚೀಲ ಬರುವ ಮೊದಲೇ ನೋಟನ್ನು ಎಂಟು ಮಡಿಕೆ ಮಾಡಿ ಮುಷ್ಟಿಯಲ್ಲಿಟ್ಟು, ಕೈಯನ್ನು ಚೀಲದ ತಳದವರೆಗೆ ಇಳಿಸುತ್ತೇನೆ. ಪಕ್ಕದವರು ನೂರೋ ಇನ್ನೂರೋ ಅಂದುಕೊಳ್ಳಲಿ ಎಂದು. 2018ರಲ್ಲಿ ರಿಸರ್ವ್ ಬ್ಯಾಂಕು ಹತ್ತಕ್ಕೆ ಚಾಕೊಲೇಟ್ ಬಣ್ಣ, ನೂರಕ್ಕೆ ತಿಳಿನೇರಳೆ ಬಳಿದ ಮೇಲೆ ಕಷ್ಟ ಹೆಚ್ಚಿತು. ಎಷ್ಟು ಮಡಚಿದರೂ ಬಣ್ಣ ಬಾಯಿಬಿಡುತ್ತದೆ. ಮುಷ್ಟಿಯನ್ನು ಇನ್ನಷ್ಟು ಬಿಗಿಮಾಡಿದೆ. ನೋಡಿದವರಿಗೆ ಅದು ಭಕ್ತಿಯಂತೆ ಕಂಡಿರಬೇಕು.

ಈ ಸಲ ಕೂತಿದ್ದವರು ಹೊಸದಾಗಿ ಬಂದ ಗುರುಗಳು, ನನ್ನ ಮಗನ ಪ್ರಾಯ. ಪಟ್ಟಿ ಮುಗಿಯುವವರೆಗೆ ಕೇಳಿ, "ಇವೆಲ್ಲ ಸರಿ. ನಿಮ್ಮದು ಅಂತ ಏನಾದರೂ ಇದೆಯಾ?" ಅಂದರು.

ಮಂಡಿ ನೋಯುತ್ತಿತ್ತು. ನೋಟಿನ ಕಥೆ ಹೇಳಿಬಿಟ್ಟೆ.

ಜಾಲರಿಯ ಆಚೆ ಮೌನ. ಆಮೇಲೆ ಒಂದು ಕೆಮ್ಮು. ಅದು ಕೆಮ್ಮಲ್ಲವೆಂದು ನನಗೂ ಗೊತ್ತು, ಅವರಿಗೂ ಗೊತ್ತು. "ಮೂರು ನಮೋ ಮರಿಯ ಹೇಳಿ. ಬರುವ ಭಾನುವಾರ ನೋಟು ಬಿಚ್ಚಿ ಹಾಕಿ."

ಬಿಚ್ಚಿಯೇ ಹಾಕಿದೆ. ಆದರೆ ಆ ದಿನ ಹತ್ತರ ನೋಟು ತರಲು ಮನಸ್ಸಾಗಲಿಲ್ಲ, ಐನೂರರದು, ಗರಿಗರಿಯಾದದ್ದು. ಎರಡು ಬೆರಳಲ್ಲಿ ತುದಿ ಹಿಡಿದು, ಚೀಲದ ಬಾಯಿಯ ಮೇಲೆ ಕೊಂಚ ಹೊತ್ತು ನಿಲ್ಲಿಸಿದೆ. ಪಕ್ಕದಲ್ಲಿದ್ದ ಹೆಂಡತಿ ಮೊಣಕೈಯಲ್ಲಿ ತಿವಿದು ಪಿಸುಗುಟ್ಟಿದಳು: "ಸಾಕು ಬಿಡ್ರೀ, ಎಲ್ಲರೂ ನೋಡಿ ಆಯ್ತು."

ಶನಿವಾರ ಸಂಜೆ ಮತ್ತೆ ಅದೇ ಸಾಲಿನಲ್ಲಿ ನಿಂತಿದ್ದೆ.